ಬುಟ್ಟಿಯಲ್ಲೇ ಉಳಿದ ಉತ್ತರಗಳು

ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿದ ಅಕ್ಕನ ಬೆರಳುಗಳು ಮರಗಟ್ಟತೊಡಗಿದ್ದವು. ಮಿಷನ್ ಬಿಟ್ಟು ತಪಾಸಣೆಯ ಮೇಜಿಗೆ ಹೋಗಲು ಕಾಲೇಜಿನ ಸರ್ಟಿಫಿಕೇಟ್ ಬೇಕೆಂದರು. ಅದಕ್ಕೇ ಅವಳು ಕಾಲೇಜೊಂದರ ಆನ್‌ಲೈನ್ ಕೋರ್ಸಿಗೆ ಸೇರಿದಳು.

ಹತ್ತು ವಾರ ಊಟದ ಬಿಡುವಿನಲ್ಲಿ ಗೋಡೆಗೊರಗಿ ಕೂತು, ಮೊಬೈಲಿನಲ್ಲಿ ಆಯಾ ವಾರದ ಪ್ರಶ್ನೆಗಳಿಗೆ ಒಂದೂ ಬಿಡದೆ ಉತ್ತರ ಬರೆದಳು. ಬರೆದು ‘ಉಳಿಸಿ’ ಎಂಬುದನ್ನು ಒತ್ತಿ ಎದ್ದುಬಿಡುತ್ತಿದ್ದಳು. ಕಾರ್ಖಾನೆಯಲ್ಲಿ ಹೊಲಿದದ್ದನ್ನು ಪಕ್ಕದ ಬುಟ್ಟಿಗೆ ಹಾಕಿದರೆ ಸಾಕು, ಮೇಲ್ವಿಚಾರಕಿಯೇ ಬಂದು ಎತ್ತಿಕೊಳ್ಳುತ್ತಾಳೆ. ತಾವಾಗಿ ಒಯ್ದು ಕೊಟ್ಟವರಿಗೆ ಬೈಗುಳ. ಕೋರ್ಸಿನ ಮೇಷ್ಟ್ರೂ ಹಾಗೇ ಎತ್ತಿಕೊಳ್ಳುತ್ತಾರೆಂದು ಅವಳು ನಂಬಿದ್ದಳು.

ಹನ್ನೊಂದನೆಯ ವಾರ, ಅಕ್ಕ ಮೊದಲ ಸಲ ಮೊಬೈಲಿನಲ್ಲಿ ಅಂಕಗಳ ಪುಟ ತೆರೆದಾಗ, ಅದೇ ಸಾಲಿನಲ್ಲಿ ಹೊಲಿಯುವ ತಂಗಿ ಇಣುಕಿದಳು.

“ಬರೀ ಸೊನ್ನೆ! ಏನಕ್ಕಾ, ಮೊಟ್ಟೆ ವ್ಯಾಪಾರ ಶುರು ಮಾಡಿದ್ಯಾ?” ಎಂದವಳು ಅಕ್ಕನ ಮುಖ ನೋಡಿ ನಗು ನುಂಗಿದಳು. “ಕೆಳಗೆ ‘ಸಲ್ಲಿಸಿ’ ಅಂತ ಇದೆಯಲ್ಲೇ, ಒತ್ತಲೇ ಇಲ್ವಾ?”

“ಈಗ ಒತ್ತಲಾ?”

“ಗಡುವು ಮುಗಿದ್ರೆ ತಗೊಳ್ಳಲ್ಲ ಅಂತ ಮೊದಲ ಪುಟದಲ್ಲೇ ಬರೆದಿದ್ದಾರೆ. ಈ ಹತ್ತು ವಾರದ ಕೆಲಸಕ್ಕೇ ಅರವತ್ತು ಅಂಕ. ಪರೀಕ್ಷೆಗೆ ನಲವತ್ತು. ಪಾಸಾಗೋಕೆ ಐವತ್ತು ಬೇಕು.”

ಅಕ್ಕ ಮೇಷ್ಟ್ರಿಗೆ ಬರೆದಳು. ನಿಯಮ ಎಲ್ಲರಿಗೂ ಒಂದೇ ಎಂದು ಮರುದಿನ ಉತ್ತರ ಬಂತು.

“ಇನ್ನು ಪರೀಕ್ಷೆ ಬರೆದು ಏನು ಬಂತು, ಬಿಡಕ್ಕಾ,” ಎಂದಳು ತಂಗಿ.

“ನಂಗೆ ಬರುತ್ತೆ ಅಂತಾದ್ರೂ ಅವರಿಗೆ ಗೊತ್ತಾಗ್ಲಿ.”

ಭಾನುವಾರ ಪರೀಕ್ಷೆ ಬರೆದಳು. ನಲವತ್ತಕ್ಕೆ ಮೂವತ್ತೆಂಟು ಬಂತು. ಪಕ್ಕದಲ್ಲಿ ‘ಅನುತ್ತೀರ್ಣ’ ಎಂದಿತ್ತು. ಸೋಮವಾರ ಮತ್ತೆ ಮಿಷನ್ ಮುಂದೆ ಕೂತಳು. ಬಟ್ಟೆಯ ಅಂಚು ಬೆರಳಿಗೆ ತಿಳಿಯುತ್ತಿರಲಿಲ್ಲ. ಕಣ್ಣಲ್ಲೇ ಅಳೆದು ಸೂಜಿಯ ಕೆಳಗೆ ತಳ್ಳಿದಳು.