ಪುಟ ತೆರೆದ ಮೇಲೇ ಮೀಟರು

ಜಹಾನಾರಾಳಿಗೆ ಎರಡು ತಿಂಗಳ ಸಂಬಳ, ಎರಡು ಸಾವಿರದ ನಾನ್ನೂರು ರೂಪಾಯಿ, ಇನ್ನೂ ಬರಬೇಕು. ಕೊಡಬೇಕಾದವನು ಶಿವಮೊಗ್ಗದ ವಿನೋಬನಗರದಲ್ಲಿ ಆರು ಕಂಪ್ಯೂಟರಿನ ಇಂಟರ್‌ನೆಟ್ ಅಂಗಡಿ ಇಟ್ಟಿರುವ ಮಲ್ಲೇಶ್. ಅವನ ಹತ್ತಿರ ದುಡ್ಡಿಲ್ಲ ಅಂತೇನಲ್ಲ. ಅವಳು ಅಂಗಡಿಯ ಬ್ರೌಸರ್ ಬೇಗ ಓಡುವ ಹಾಗೆ ಮಾಡಿದಳು, ಅದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಜಹಾನಾರಾ ಭದ್ರಾವತಿಯವಳು. ಅವಳಪ್ಪ ಬಾಬು ಸಾಬ್ ಅಲ್ಲಿನ ಕಬ್ಬಿಣದ ಕಾರ್ಖಾನೆಯ ಟೈಂ ಆಫೀಸಿನಲ್ಲಿದ್ದವನು. ಯಾರು ಎಷ್ಟು ನಿಮಿಷ ತಡ ಎಂದು ಗೇಟಿನಲ್ಲಿ ಕೂತು ಬರೆಯುವುದೇ ಅವನ ಕೆಲಸ. ಸಾಯುವಾಗ ಮಗಳಿಗೆ ಬಿಟ್ಟು ಹೋದದ್ದು ಒಂದು ಕೈಗಡಿಯಾರ, ಜೊತೆಗೆ ಅದನ್ನು ಗಳಿಗೆಗೊಮ್ಮೆ ನೋಡುವ ಚಟ. ಎರಡು ಸಾವಿರದ ಎರಡನೇ ಇಸವಿಯಲ್ಲಿ ಅವಳು ಆ ಗಡಿಯಾರ ಕಟ್ಟಿಕೊಂಡು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಮಲ್ಲೇಶನ ಅಂಗಡಿಗೆ ಬರುತ್ತಿದ್ದಳು. ಬಂದವರನ್ನು ಕೂರಿಸುವುದು, ಟೈಮು ಬರೆಯುವುದು, ಗಂಟೆಗೆ ಇಪ್ಪತ್ತೈದರಂತೆ ವಸೂಲಿ ಮಾಡುವುದು. ಕುರ್ಚಿಗೆ ಕುಂಡಿ ಊರಿದ ಕ್ಷಣದಿಂದ ಮೀಟರು.

ಬ್ರೌಸರ್ ತೆರೆದರೆ ಮೊದಲು ಕಾಣುವುದು ನಾಲ್ಕು ಸಾಲು ಗುಂಡಿಗಳು. ಮಲ್ಲೇಶ್ ಪುಕ್ಕಟೆ ಸಿಕ್ಕಿದ್ದನ್ನೆಲ್ಲ ತಂದು ತುಂಬಿದ್ದರ ಫಲ. ಒಂದು ಗುಂಡಿಯನ್ನೂ ಯಾರೂ ಒತ್ತಿದ್ದಿಲ್ಲ. ಅವುಗಳ ಕೆಳಗೆ ಬಚ್ಚಲಮನೆ ಕಿಟಕಿಯಷ್ಟು ಜಾಗ ಉಳಿಯುತ್ತಿತ್ತು, ಪುಟ ಅಲ್ಲಿ ಬರಬೇಕು. ಮೊದಲ ಪುಟವೋ ಓಡುವ ಅಕ್ಷರ, ಕುಣಿಯುವ ಜಾಹೀರಾತು, ರಾಶಿಭವಿಷ್ಯ, ನಟಿಯರ ಫೋಟೋಗಳ ಸಂತೆ. ಟೆಲಿಫೋನ್ ತಂತಿಯಲ್ಲಿ ಅಷ್ಟೂ ಇಳಿದು ಬರಲು ಮೂರು ನಿಮಿಷ ನಲವತ್ತು ಸೆಕೆಂಡು ಬೇಕಾಗುತ್ತಿತ್ತು. ಅವಳು ಅಪ್ಪನ ಗಡಿಯಾರ ಹಿಡಿದು ಅಳೆದಿದ್ದಳು.

ಅವಳ ಸಿಟ್ಟಿಗೆ ಕಾರಣ ನಿಧಾನ ಒಂದೇ ಅಲ್ಲ. ಬಂದವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. "ನಂಗೆ ಇದೆಲ್ಲ ಬರಲ್ಲ ಮೇಡಂ, ನನ್ನ ಕೈಗುಣನೇ ಸರಿ ಇಲ್ಲ," ಎಂದು ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವರೂ ತಲೆ ತಗ್ಗಿಸಿ ದುಡ್ಡು ಎಣಿಸಿ ಹೋಗುತ್ತಿದ್ದರು. ಕೆಟ್ಟಿರುವುದು ಯಂತ್ರ, ನಾಚಿಕೆ ಮನುಷ್ಯನಿಗೆ!

ಅವಳೊಂದು ನೋಟ್ ಪುಸ್ತಕ ಮಾಡಿದಳು. ಯಾವ ಪುಟ, ಮೊದಲ ಅಕ್ಷರ ಕಾಣಲು ಎಷ್ಟು ಹೊತ್ತು, ಪೂರ್ತಿ ಬರಲು ಎಷ್ಟು ಹೊತ್ತು, ಕೂತವರು ಯಾವಾಗ ಬೈಯಲು ಶುರುಮಾಡಿದರು. ತಿಂಗಳಾಗುವಷ್ಟರಲ್ಲಿ ಒಂದು ಸಂಗತಿ ಖಾತ್ರಿಯಾಯಿತು. ಅಕ್ಷರ ಮೊದಲು ಕಂಡರೆ ಜನ ಎರಡು ನಿಮಿಷ ಬೇಕಾದರೂ ಕಾಯುತ್ತಾರೆ. ಬರೀ ಬಿಳಿ ಪರದೆಯಾದರೆ ಅರ್ಧ ನಿಮಿಷಕ್ಕೇ ಮೌಸ್ ಹಿಡಿದು ಕುಟ್ಟುತ್ತಾರೆ.

ಹೀಗಿರುವಾಗ ಕೆಂಚಪ್ಪ ಬಂದ. ಭದ್ರಾವತಿಯ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕ್ರೇನು ಓಡಿಸಿ, ಜನ ಕಡಿಮೆ ಮಾಡುವಾಗ ಮನೆಗೆ ಕಳಿಸಲ್ಪಟ್ಟವನು. ಆಂಧ್ರದ ಕಡೆಯ ಯಾವುದೋ ಬಂದರಿಗೆ ಕ್ರೇನು ಓಡಿಸುವವರು ಬೇಕಾಗಿದ್ದರು. ಅರ್ಜಿ ಇಂಟರ್‌ನೆಟ್ಟಿನಲ್ಲೇ ಹಾಕಬೇಕು, ಅದೂ ಆ ದಿನ ಸಂಜೆ ಐದರೊಳಗೆ. ಮುಂದಿನ ಸಲಕ್ಕೆ ಅವನ ವಯಸ್ಸು ಮೀರುತ್ತಿತ್ತು. ಎರಡು ದಿನ ಬಂದು ಐವತ್ತೈವತ್ತು ರೂಪಾಯಿ ಕಳೆದು ಬರಿಗೈಲಿ ಹೋಗಿದ್ದ. ಮೂರನೇ ದಿನವೂ ನಾಲ್ಕು ಗಂಟೆಗೆ ಬೆವರುತ್ತಾ ಕೂತಿದ್ದ.

"ಏನ್ ಕೆಂಚಪ್ಪಣ್ಣ, ಇವತ್ತೂ ಅರ್ಜಿ ಹೋಗ್ಲಿಲ್ವಾ?"

"ಎಮ್ಮೆ ಮೇಲೆ ಮಳೆ ಸುರಿದಂಗೆ ಮಾರಾಯ್ತಿ. ಎಷ್ಟು ಒತ್ತಿದ್ರೂ ಅಲ್ಲಾಡಲ್ಲ."

ಜಹಾನಾರಾ ಅವನ ಬೆನ್ನ ಹಿಂದೆ ನಿಂತು ನೋಡಿದಳು. ಅರ್ಜಿ ತುಂಬುವುದರಲ್ಲಿ ತಪ್ಪಿಲ್ಲ. ಕಳಿಸುವ ಗುಂಡಿ ಒತ್ತಿದ. ಹತ್ತು ಸೆಕೆಂಡು ಕಾದು ಮತ್ತೆ ಒತ್ತಿದ. ಇನ್ನು ಹತ್ತು ಸೆಕೆಂಡು, ಮತ್ತೆ.

"ಯಾಕಣ್ಣ ಹಂಗೆ ಒತ್ತುತಾನೇ ಇದೀರಿ?"

"ಇನ್ನೇನ್ ಮಾಡ್ಲಿ? ಕ್ರೇನ್ ಮೇಲಿಂದ ಬೆಲ್ ಹೊಡೆದಾಗ ಕೆಳಗಿನವನು ಕೈ ಎತ್ತಲಿಲ್ಲ ಅಂದ್ರೆ ಮತ್ತೆ ಹೊಡೀಬೇಕು. ಅವನು ಕೈ ಎತ್ತೋವರೆಗೂ ಹೊಡೀಬೇಕು. ಇಲ್ದಿದ್ರೆ ಕಾದ ಕಬ್ಬಿಣ ಯಾವನ ತಲೆ ಮೇಲೆ ಹೋಗುತ್ತೋ ಯಾರಿಗೆ ಗೊತ್ತು?"

ಕಾರ್ಖಾನೆಯಲ್ಲಿ ಎಷ್ಟೋ ಜೀವ ಉಳಿಸಿದ ಅಭ್ಯಾಸ ಅದು. ಇಲ್ಲಿ ಪ್ರತಿ ಸಲ ಒತ್ತಿದಾಗಲೂ ಅರ್ಧ ದಾರಿ ಹೋದ ಅರ್ಜಿ ಹರಿದುಬಿದ್ದು ಮತ್ತೆ ಮೊದಲಿನಿಂದ ಹೊರಡುತ್ತಿತ್ತು. ತಪ್ಪು ಕೆಂಚಪ್ಪನದಲ್ಲ. ಕೈ ಎತ್ತಬೇಕಾದ ಬ್ರೌಸರ್ ಸತ್ತ ಹೆಣದಂತೆ ಬಿದ್ದಿತ್ತು.

ಗಂಟೆ ನಾಲ್ಕೂ ಇಪ್ಪತ್ತು. ಅವಳು ಅವನನ್ನು ಗಲ್ಲಾಪೆಟ್ಟಿಗೆ ಪಕ್ಕದ ಒಂದನೇ ಕಂಪ್ಯೂಟರಿಗೆ ಕರೆದೊಯ್ದಳು. ಟೆಲಿಫೋನ್ ತಂತಿ ನೇರ ಬರುವುದು ಅದಕ್ಕೆ. ಉಳಿದವಕ್ಕೆ ಅಲ್ಲಿಂದಲೇ ಹಂಚಿಕೆ. ಒಳಗಿದ್ದ ಬೇರೆ ಇಬ್ಬರು ಗಿರಾಕಿಗಳಿಗೆ, "ಅರ್ಧ ಗಂಟೆ ಕೈ ತೆಗೀರಿ, ನಿಮ್ಮ ಮೀಟರ್ ನಿಲ್ಲಿಸಿದೀನಿ," ಅಂದಳು. ಮೇಲಿನ ಸಾಲುಗಳನ್ನೆಲ್ಲ ಕಿತ್ತು ಹಾಕಿದಳು. ಮೊದಲ ಪುಟ ಖಾಲಿ ಮಾಡಿದಳು. ಚಿತ್ರ ತೋರಿಸು ಎಂದಿದ್ದಲ್ಲಿ ಬೇಡ ಎಂದಳು. ಅರ್ಜಿಯ ಪುಟ ನಲವತ್ತು ಸೆಕೆಂಡಿಗೆ ಬಂದು ಕೂತಿತು. ಕೆಂಚಪ್ಪ ಮತ್ತೆ ಮೊದಲಿನಿಂದ ಅರ್ಜಿ ತುಂಬಿದ.

"ಕೆಳಗೆ ಮೂಲೇಲಿ ಎರಡು ಪುಟಾಣಿ ಕಂಪ್ಯೂಟರ್ ಕಾಣ್ತಿದ್ಯಾ ಅಣ್ಣ? ಅದು ಮಿಣುಕ್ತಿದ್ರೆ ಕೆಳಗಿನವನು ಕೈ ಎತ್ತಿದಾನೆ ಅಂತ. ಒಂದೇ ಸಲ ಒತ್ತಿ. ಆಮೇಲೆ ಕೈ ಎರಡೂ ತೊಡೆ ಕೆಳಗೆ ಇಟ್ಕೊಳ್ಳಿ."

ಕೆಂಚಪ್ಪ ಹೇಳಿದಂತೆಯೇ ಮಾಡಿದ. ಪರದೆ ಬೆಳ್ಳಗಾಯಿತು. ಅವನ ಭುಜ ಎದ್ದಿತು.

"ಕೈ!" ಅಂದಳು ಜಹಾನಾರಾ.

"ಇಟ್ಕೊಂಡಿದೀನಿ ಕಣಮ್ಮ. ಮಿಣುಕ್ತಾ ಇದೆ. ಬದುಕಿದಾನೆ ನನ್ಮಗ."

ನಾಲ್ಕೂ ನಲವತ್ತೇಳಕ್ಕೆ ಅರ್ಜಿ ತಲುಪಿದ ನಂಬರು ಪರದೆಯ ಮೇಲೆ ಬಂತು. ಕೆಂಚಪ್ಪ ಅದನ್ನು ಅಂಗೈ ಮೇಲೆ ಬರೆದುಕೊಂಡ. ಬೆವರಿಗೆ ಅಳಿಸೀತು ಎಂದು ಹೆದರಿ ಚೀಟಿಯಲ್ಲೂ ಬರೆಸಿಕೊಂಡ. ಅವನು ಹೋದ ಮೇಲೆ ಅವಳು ಉಳಿದ ಐದು ಕಂಪ್ಯೂಟರಿಗೂ ಹಾಗೆಯೇ ಮಾಡಿದಳು.

ಆರು ಗಂಟೆಗೆ ಮಲ್ಲೇಶ್ ಬಂದು ಟೈಮು ಬರೆದ ಪುಸ್ತಕ ನೋಡಿದ.

"ಏನಮ್ಮ ಇದು? ಗಂಟೆಗಟ್ಟಲೆ ಕೂರೋರು ಅರ್ಧ ಗಂಟೆಗೆ ಎದ್ದು ಹೋದ್ರೆ ನಾನು ಬಾಡಿಗೆ ಎಲ್ಲಿಂದ ಕಟ್ಲಿ?"

"ಬೇಗ ಆದ್ರೆ ನಾಳೆ ಮತ್ತೆ ಬರ್ತಾರೆ ಸರ್. ಒಂದ್ಸಲ ಬಂದು ಆಮೇಲೆ ಈ ಕಡೆ ತಲೆ ಹಾಕದೇ ಇರೋರ ಪಟ್ಟಿನೂ ಇದೆ, ನೋಡಿ."

"ಪಾಠ ಬೇಡ. ನಾಳೆಯಿಂದ ಬರ್ಬೇಡ."

"ಆಯ್ತು. ಎರಡು ತಿಂಗಳ ಸಂಬಳ ಕೊಡಿ."

"ಇಬ್ಬರ ಮೀಟರ್ ನಿಲ್ಲಿಸಿದೆಯಲ್ಲ, ಅದಕ್ಕೆ ಸಂಬಳ ವಜಾ."

ಇಬ್ಬರ ಅರ್ಧರ್ಧ ಗಂಟೆ ಸೇರಿದರೆ ಇಪ್ಪತ್ತೈದು ರೂಪಾಯಿ. ಅವಳು ಅದನ್ನು ಎಣಿಸಿ ಮೇಜಿನ ಮೇಲೆ ಇಟ್ಟಳು. "ಈಗ ಸಂಬಳ?" ಎಂದು ಕೇಳಿದಳು. ಮಲ್ಲೇಶ್ ಚಿಲ್ಲರೆ ಬಾಚಿ ಜೇಬಿಗೆ ಹಾಕಿಕೊಂಡು ಹೊರಗೆ ಹೋಗಿ ಸಿಗರೇಟು ಹಚ್ಚಿದ.

ಆರು ತಿಂಗಳಲ್ಲಿ ಚೀಟಿ ಹಣ ಎತ್ತಿ, ಹಳೇ ಕಂಪ್ಯೂಟರ್ ಎರಡು ತಂದು, ಭದ್ರಾವತಿ ಬಸ್ ಸ್ಟ್ಯಾಂಡಿನ ಹಿಂದೆ ಜಹಾನಾರಾ ತನ್ನದೇ ಅಂಗಡಿ ಹಾಕಿದಳು. ಪುಟ ತೆರೆದ ಮೇಲೇ ಮೀಟರು ಎಂದು ಬೋರ್ಡು ಬರೆಸಿದಳು. ಅಕ್ಕಪಕ್ಕದವರು ಮುಳುಗುತ್ತಾಳೆ ಅಂದರು. ಎರಡಿದ್ದದ್ದು ಈಗ ಐದಾಗಿದೆ, ಭಾನುವಾರ ಬೆಂಚಿನ ಮೇಲೆ ಜಾಗ ಸಿಗುವುದಿಲ್ಲ. ಕೆಂಚಪ್ಪ ಬಂದರಿನಲ್ಲಿ ಕ್ರೇನು ಓಡಿಸುತ್ತಿದ್ದಾನೆ. ರಜೆಗೆ ಬಂದಾಗ ಅವಳ ಅಂಗಡಿಯಲ್ಲಿ ಕೂತು, ಒಂದೇ ಸಲ ಒತ್ತಿ, ತೊಡೆ ಕೆಳಗೆ ಕೈ ಇಟ್ಟುಕೊಂಡು ಪಕ್ಕದವರಿಗೆ ಬುದ್ಧಿ ಹೇಳುತ್ತಾನೆ.

ಮಲ್ಲೇಶನ ಅಂಗಡಿ ಇನ್ನೂ ಇದೆ, ಅವಳು ಕಿತ್ತ ನಾಲ್ಕು ಸಾಲು ಗುಂಡಿಗಳೂ ಮತ್ತೆ ಬಂದಿವೆ. ನೀವು ಅಲ್ಲಿಗೆ ಹೋಗುವವರಾದರೆ, ಬಿಳಿ ಪರದೆ ನೋಡುತ್ತಾ ನನಗೆ ಬರಲ್ಲ ಎಂದು ಗೊಣಗಬೇಡಿ. ಗಡಿಯಾರ ನೋಡಿ, ಎಷ್ಟು ನಿಮಿಷ ಎಂದು ಬರೆದಿಡಿ, ಅಷ್ಟು ದುಡ್ಡು ಹಿಡಿದುಕೊಳ್ಳಿ. ಏಳುವ ಮುಂಚೆ ಅವನ ಮುಖ ನೋಡಿ ಕೇಳಿ: ಜಹಾನಾರಾಳ ಎರಡು ಸಾವಿರದ ನಾನ್ನೂರು ಯಾವತ್ತು ಕೊಡ್ತೀಯ?