ಕಟ್ಟೆ ಏರಿದ ಎಮ್ಮೆ

ಮೊನ್ನೆ ಹುಮನಾಬಾದಿನ ಪೇಟೆಯಲ್ಲಿ ಒಂದು ಅಂಗಡಿಯ ಮುಂದೆ ಶೇಂಗಾ ಹಿಂಡಿಯ ಚೀಲ ಬಿಚ್ಚಿದ್ದರು. ಆ ಎಣ್ಣೆವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಾಲಿನ ಆಯಿ ನೆನಪಾದಳು. ಬಸವಕಲ್ಯಾಣದಲ್ಲಿ ನಮ್ಮ ಪಕ್ಕದ ಮನೆ ಅವಳದು. ಎರಡು ಎಮ್ಮೆ, ಒಬ್ಬ ಮಗ, ಓಣಿಗೆಲ್ಲ ಕೇಳುವ ಬಾಯಿ...

ಕೆಲವು ವರ್ಷಗಳ ಹಿಂದೆ ಅವಳಿಗೆ ಎದೆಯುರಿ ಶುರುವಾಗಿತ್ತು. ಹಾಲು ಕರೆಯಲು ಬಗ್ಗಿದರೆ ಸಾಕು, ಹುಳಿನೀರು ಗಂಟಲಿಗೆ ಬರುತ್ತಿತ್ತು. ಓಣಿಯವರು "ಬಟ್ಟಿ ಸರದದ" ಎಂದು ತೀರ್ಪು ಕೊಟ್ಟರು, ಅಂದರೆ ಹೊಕ್ಕುಳು ಜಾಗ ಬಿಟ್ಟಿದೆ ಎಂದು. ಆಯಿ ಹೊಟ್ಟೆ ತಿಕ್ಕಿಸಿಕೊಂಡಳು, ಸೊಂಟಕ್ಕೆ ಬಟ್ಟೆ ಬಿಗಿದುಕೊಂಡಳು. ಉರಿ ಇನ್ನೂ ಹೆಚ್ಚಾಯಿತು. ಮಗ ಸೋತು ಹೋಗಿ, "ಎಮ್ಮಿ ಮಾರಿಬಿಡೂಣ ಯವ್ವಾ" ಅಂದ. ಆಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಗಂಡ ತೀರಿಕೊಂಡ ಮೇಲೆ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದೇ ಆ ಎಮ್ಮೆಗಳು.

ಡಾಕ್ಟರಿಗೂ ತೋರಿಸದೆ ಎಮ್ಮೆ ಮಾರುವ ಮಾತು ಕೇಳಿ ನನಗೆ ರೇಗಿತು. ತಾಯಿ ಮಗ ಇಬ್ಬರನ್ನೂ ಹುಮನಾಬಾದಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಮೊದಲು ಇಸಿಜಿ ತೆಗೆದರು, ಹೃದಯ ಗಟ್ಟಿಯಿತ್ತು. ಆಮೇಲೆ ಬೆಳ್ಳಗಿನ ಬೇರಿಯಂ ದ್ರಾವಣ ಕುಡಿಸಿ ಎಕ್ಸ್‌ರೇ. ಆಯಿ ಲೋಟದೊಳಗೆ ಇಣುಕಿ, "ಸಾಬ್, ಇದ್ಯಾವ ಎಮ್ಮಿ ಹಾಲ್ರಿ? ಹಿಂಡಿ ಬರೋಬರ್ ಹಾಕಿಲ್ಲ ಕಾಣ್ತದ" ಅಂದಳು. ಕೊನೆಗೆ ಬಾಯಿಯಿಂದ ಸಣ್ಣ ಕ್ಯಾಮೆರಾ ಇಳಿಸಿಯೂ ನೋಡಿದರು. ಅದು ಹಯಾಟಲ್ ಹರ್ನಿಯಾ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಲ್ಲಿ ಅನ್ನನಾಳ ಹಾಯುವ ಕಂಡಿ ಸಡಿಲಾಗಿ, ಜಠರದ ಮೇಲ್ಭಾಗ ಎದೆಯತ್ತ ನುಗ್ಗಿತ್ತು. ಸರಿದದ್ದು ನಿಜವೇ, ಹೊಕ್ಕುಳಲ್ಲ ಅಷ್ಟೇ.

"ಸದ್ಯಕ್ಕ ಆಪರೇಷನ್ ಬ್ಯಾಡ," ಅಂದರು ಡಾಕ್ಟರು. ಊಟಕ್ಕೆ ಮುಂಚೆ ಆಮ್ಲ ತಗ್ಗಿಸುವ ಗುಳಿಗೆ, ಸ್ವಲ್ಪಸ್ವಲ್ಪವೇ ಊಟ. ಉಂಡ ಕೂಡಲೇ ಮಲಗಬಾರದು, ಸೊಂಟ ಬಿಗಿಯಬಾರದು, ತಲೆದಿಂಬಿನ ಕಡೆ ಮಂಚದ ಕಾಲ ಕೆಳಗೆ ಇಟ್ಟಂಗಿ ಇಟ್ಟು ಎತ್ತರಿಸಬೇಕು. "ಮತ್ತ, ಬಗ್ಗಿ ಮಾಡೂ ಕೆಲಸ ಬಂದ್."

ಬಗ್ಗದೆ ಹಾಲು ಕರೆಯುವುದು ಹೇಗೆ?

ಮನೆಯಲ್ಲಿ ಮಗ ಮಂಚದ ಕಾಲಿಗೆ ಇಟ್ಟಂಗಿ ಕೊಡುತ್ತಿದ್ದ. ನೋಡುತ್ತ ನಿಂತಿದ್ದ ಆಯಿ ಒಮ್ಮೆಲೇ ಅಂದಳು: "ಮಂಚ ಎತ್ತರಾದ್ರ ಎಮ್ಮಿ ಯಾಕ ಎತ್ತರಾಗಬಾರ್ದು? ನಾ ಬಗ್ಗಂಗಿಲ್ಲ. ಅವೇ ಮ್ಯಾಲ ನಿಂದರಲಿ."

ವಾರ ಕಳೆಯುವುದರೊಳಗೆ ಕೊಟ್ಟಿಗೆಯಲ್ಲಿ ಮೊಳಕಾಲೆತ್ತರದ ಕೆಂಪುಕಲ್ಲಿನ ಕಟ್ಟೆ ಎದ್ದಿತು, ಏರಲು ಇಳಿಜಾರೂ ಇತ್ತು. ಎಮ್ಮೆಗಳು ಮೊದಲು ಬಿಲ್ಕುಲ್ ಒಪ್ಪಲಿಲ್ಲ. ಆಯಿ ಹಿಂಡಿ ತೋರಿಸಿ, ಬೈದು, ಮುದ್ದು ಮಾಡಿ ಏರಿಸಿದಳು. ಓಣಿಯೆಲ್ಲ ನೋಡಲು ಬಂದಿತ್ತು. ಅವಳು ಸ್ಟೂಲಿನ ಮೇಲೆ ಗೌಡತಿಯ ಹಾಗೆ ಬೆನ್ನು ನೆಟ್ಟಗೆ ಮಾಡಿ ಕುಳಿತು ಬಕೇಟು ತುಂಬ ನೊರೆಹಾಲು ಕರೆದಳು. ಹುಳಿನೀರು ಮೇಲೆ ಬರಲಿಲ್ಲ. "ನೋಡಿದ್ಯಾ ತಂಗಿ?" ಅಂದಳು ನನಗೆ. ನನಗಂತೂ ನಾನೇ ಗೆದ್ದಷ್ಟು ಖುಷಿ, ಕಣ್ಣು ತುಂಬಿ ಬಂದಿತ್ತು.

ಹೋದ ವರ್ಷ ಆಯಿ ಮುಪ್ಪಿನಿಂದ ತೀರಿಕೊಂಡಳು. ಈಗ ಪ್ಯಾಕೆಟ್ ಹಾಲು ಒಡೆಯುವಾಗ ಅವಳಿಲ್ಲವಲ್ಲ ಎಂದು ಸಂಕಟವಾಗುತ್ತದೆ. ಆದರೂ ಹೆಮ್ಮೆ ಪಡುತ್ತೇನೆ. ಅವಳು ಎಮ್ಮೆ ಮಾರಲಿಲ್ಲ. ತೀರಿಕೊಂಡ ದಿನವೂ ಬೆಳಗ್ಗೆ ತಾನೇ ಹಾಲು ಕರೆದು, ನಮ್ಮ ಪಾತ್ರೆಗೆ ಸುರಿದು, ಆಮೇಲೇ ಹೋದಳು.