ಒಣಗಿಸಬಾರದ ಬೀಜ

ಎಷ್ಟು ಸೋಪು ಹಾಕಿ ತಿಕ್ಕಿದರೂ ಚಾಚಾ ಅವರ ಬೆರಳ ತುದಿಗಳು ಕೇಸರಿಯಾಗೇ ಇರುತ್ತಿದ್ದವು. ಶಿವಾಜಿನಗರದ ಮಸಾಲೆ ಅಂಗಡಿಯಲ್ಲಿ ನಲವತ್ತು ವರ್ಷ ಜಾಪತ್ರೆ, ರಾಂಪತ್ರೆ ಆರಿಸಿದ ಬಣ್ಣ ಅದು. ರಾಂಪತ್ರೆಯೆಂದರೆ ಕಾಡುಮರದ ಬೀಜದ ಮೇಲಿನ ಪೊರೆ; ಘಮ ಕಡಿಮೆಯ ಅದನ್ನೇ ಜಾಪತ್ರೆ ಎಂದು ಮಾರುವವರಿದ್ದರು. ಇವರು ಮಾತ್ರ ಎರಡನ್ನೂ ಗಿರಾಕಿಯ ಮೂಗಿಗೆ ಹಿಡಿದು, "ಮೂಸಿ ನೋಡಿ ತಗೊಳ್ಳಿ, ಆಮೇಲೆ ನನ್ನ ಬೈಬೇಡಿ" ಅನ್ನುತ್ತಿದ್ದರು. ತೇವವೆಂದರೆ ಅವರಿಗೆ ಆಗದು. ಬಂದ ಯಾವ ಮೂಟೆಯೂ ತಾರಸಿಯ ಬಿಸಿಲು ಕಾಣದೆ ಅಂಗಡಿಯೊಳಗೆ ಹೋಗುತ್ತಿರಲಿಲ್ಲ.

ನಾನು ಕುಕ್ ಟೌನಿನಲ್ಲಿ ಕಾಡುಮರಗಳ ಸಸಿ ಬೆಳೆಸುವವಳು. ರಾಂಪತ್ರೆ ಮರ ಘಟ್ಟದ ಮಳೆಕಾಡಿನ ಜೌಗಿನಲ್ಲಿ, ಬೇರನ್ನು ನೀರಿಗಿಳಿಸಿಯೇ ಬದುಕುತ್ತದೆ. ಚಾಚಾಗೆ ಸರಕು ಕಳಿಸುವವನ ಊರಿನ ಹಳ್ಳವನ್ನು ಯಾರೋ ತಿರುಗಿಸಿದ್ದರು. ಮರಗಳು ನಿಂತಲ್ಲೇ ಒಣಗಿ, ಉಳಿದ ಒಂದೇ ಒಂದು ಮರ ಕಾಯಿ ಬಿಟ್ಟಿತ್ತು. ಆ ಜೌಗಿನ ತಳಿ ಉಳಿಯಬೇಕಾದರೆ ಅದರ ಬೀಜವೇ ಗತಿ. ಚಾಚಾರನ್ನು ಗೋಗರೆದೆ. "ತರಿಸ್ತೀನಿ ಬೇಟಾ, ಅಳ್ಬೇಡ" ಎಂದರು. ಬೀಜ ಬಂದಾಗ ನಾನು ಜ್ವರದಲ್ಲಿ ಹತ್ತು ದಿನ ಮಲಗಿದ್ದೆ.

ಎದ್ದು ಓಡಿದರೆ ಹೆಮ್ಮೆಯಿಂದ ಚೀಲ ಮುಂದಿಟ್ಟರು. "ದಿನಾ ಬಿಸಿಲಿಗೆ ಹಾಕಿದೀನಿ. ನಾಕ್ ನಾಕ್ ಸಲ ನಾನೇ ತಿರುವಿ ಹಾಕ್ದೆ. ಒಂದಕ್ಕೂ ಬೂಷ್ಟು ಬಂದಿಲ್ಲ, ನೋಡು!"

ಅಲ್ಲಾಡಿಸಿದರೆ ಬೀಜಗಳು ಗಲಗಲ ಎಂದವು. ಈ ಬೀಜ ಒಣಗಿತೆಂದರೆ ಸತ್ತಿತು. ಗಿರಾಕಿಗಳೆದುರೇ ಕಿರುಚಿದೆ: "ಒಣಗಿಸಿ ಕೊಂದ್ಬಿಟ್ರಲ್ಲ ಚಾಚಾ! ಇನ್ನೆಲ್ಲಿಂದ ತರ್ಲಿ?"

ಎಪ್ಪತ್ತು ದಾಟಿದ ಮನುಷ್ಯ, ಮಂಡಿನೋವು ಬೇರೆ. ಮಾರನೆಯ ಬೆಳಿಗ್ಗೆಯೇ ಘಟ್ಟದ ಬಸ್ಸು ಹತ್ತಿದರು. ಮೂರು ದಿನ ಬಿಟ್ಟು ನನ್ನ ನರ್ಸರಿಗೆ ಬಂದಾಗ ಕಾಲ ತುಂಬ ಜಿಗಣೆ ಕಚ್ಚಿದ ಗಾಯ, ಕೈಯಲ್ಲಿ ಒದ್ದೆ ಟವೆಲ್ಲಿನ ಗಂಟು. ಮರ ಬರಿದಾಗಿತ್ತಂತೆ, ಕೆಸರಲ್ಲಿ ಕೈಯಾಡಿಸಿ ಹುಡುಕಿದರಂತೆ. ಗಂಟಿನಲ್ಲಿ ಮೂರು ಬೀಜಗಳಿದ್ದವು. ಮೂರನ್ನೂ ಹುಳ ಕೊರೆದಿತ್ತು.

"ನಲವತ್ತು ವರ್ಷ ಮಾರ್ದೆ ಬೇಟಾ. ಅದು ನೀರಲ್ಲಿ ನಿಂತ್ಕೊಂಡಿರ್ತದೆ ಅಂತ ಗೊತ್ತೇ ಇರ್ಲಿಲ್ಲ ನಂಗೆ. ಮಾಫ್ ಮಾಡು."

ಹುಚ್ಚಿಯ ಹಾಗೆ ಮೂರನ್ನೂ ಊರಿ, ದಿನಾ ಮಣ್ಣು ಕೆದಕಿ ನೋಡಿದೆ. ಒಂದೂ ಮೊಳೆಯಲಿಲ್ಲ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಚಾಚಾ ಎದೆನೋವಿನಿಂದ ತೀರಿಕೊಂಡರು. ಮುಂದಿನ ಬೇಸಿಗೆಗೆ ಆ ಮರವೂ ಹೋಯಿತು.

ಒಣಗಿಸಬೇಡಿ ಎಂಬ ಒಂದು ಮಾತನ್ನು ನಾನು ಅವರಿಗೆ ಹೇಳಿರಲೇ ಇಲ್ಲ. ಆದರೂ ಅಂದು ಅವರು ಮಾಫಿ ಕೇಳಿದಾಗ, ದೊಡ್ಡ ಮನಸ್ಸು ಮಾಡಿ ಕ್ಷಮಿಸುವವಳ ಹಾಗೆ ತಲೆಯಾಡಿಸಿದ್ದೆ.